ಹಸೀನಾಬಿಯ ಸೈಕಲ್ಲಿಗೊಂದು ದಾರಿ

ನನ್ನಂಥವನಿಗೆ ಊರಿಗಿಂತ ಊರಿನ ನಕ್ಷೆಯೇ ಹೆಚ್ಚು ಹಿತ. ನಕ್ಷೆಯಲ್ಲಿ ಬೆವರಿಲ್ಲ, ಏದುಸಿರಿಲ್ಲ, ಬೆನ್ನಟ್ಟುವ ನಾಯಿಯಿಲ್ಲ. ವಾಸ್ಕೋದ ಬಂದರಿನ ಹತ್ತಿರ ಸರಕು ಸಾಗಣೆಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿರುವ ನಾನು, ಸಂಜೆ ಮಂಗೋರ್ ಹಿಲ್‌ನ ಮನೆಗೆ ಬಂದು ಚಹಾ ಕುಡಿದವನೇ ಫೋನಿನಲ್ಲಿ ನಕ್ಷೆ ತೆರೆದು ಬೆರಳಿನಿಂದ ಊರು ಸುತ್ತುತ್ತೇನೆ. ಧಾರವಾಡ ಬಿಟ್ಟು ಇಲ್ಲಿಗೆ ಬಂದು ಇಪ್ಪತ್ತೆಂಟು ವರ್ಷವಾದರೂ ಕಾಲಿನಿಂದ ಸುತ್ತಿದ್ದು ಕಡಿಮೆ. ಅದರ ಫಲ ಹೊಟ್ಟೆಯ ಮೇಲೆ ಕಂಡು ಡಾಕ್ಟರು ಸೈಕಲ್ ಹೊಡೆಯಲು ಹೇಳಿದರು. ಹೆಂಡತಿ ಮರುದಿನವೇ ಒಂದನ್ನು ಕೊಡಿಸಿದಳು. ಗುಡ್ಡದ ಕೆಳಗೆ ಕಡಲಂಚಿನ ಬಾಯ್ನಾಕ್ಕೆ ಸೈಕಲ್ ದಾರಿ ಯಾವುದೆಂದು ಫೋನನ್ನು ಕೇಳಿದೆ. ಹನ್ನೊಂದು ನಿಮಿಷ ಎಂದಿತು. ಮೂರನೆಯ ನಿಮಿಷಕ್ಕೆ ನನ್ನನ್ನು ಉದ್ದನೆಯ ಮೆಟ್ಟಿಲುಸಾಲೊಂದರ ನೆತ್ತಿಯಲ್ಲಿ ತಂದು ನಿಲ್ಲಿಸಿತು. ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಇಳಿಯುವಾಗ, ಬಾಗಿಲಲ್ಲಿ ಪಾತ್ರೆ ತೊಳೆಯುತ್ತಿದ್ದ ಅಜ್ಜಿಯೊಬ್ಬಳು ಬಹಳ ಕನಿಕರದಿಂದ, ಸೈಕಲ್ಲಿಗೆ ಆರಾಮಿಲ್ಲವೇ ಎಂದು ವಿಚಾರಿಸಿದಳು.

ಈ ನಕ್ಷೆಯನ್ನು ಯಾರು ಬೇಕಾದರೂ ತಿದ್ದಬಹುದೆಂದು ಕಚೇರಿಯ ಗೆಳೆಯನೊಬ್ಬ ಹೇಳಿಕೊಟ್ಟದ್ದೇ ತಡ, ನನಗೆ ಹೊಸ ಜನ್ಮ ಬಂದಂತಾಯಿತು. ವಾಸ್ಕೋದ ಸೈಕಲ್ಲುಗಳೆಲ್ಲ ಗಾಳಿಯಲ್ಲಿ ತೇಲುವ ಹಾಗೆ ಏರು ಇಳುಕಲು ದಾಟಿಹೋಗುವ ಕನಸು ಕಂಡೆ. ಪಡಸಾಲೆಯಲ್ಲಿ ಕೂತು, ಸೈಕಲ್ಲನ್ನು ಗೋಡೆಗೆ ಒರಗಿಸಿ, ನೆನಪಿನಿಂದಲೇ ಓಣಿಗಳಿಗೆ ಗುರುತು ಹಾಕತೊಡಗಿದೆ. ಇಲ್ಲಿ ಮೆಟ್ಟಿಲು, ಅಲ್ಲಿ ಡಾಂಬರು, ಮಾವಿನ ಮರದ ಹಿಂದಿನ ಓಣಿ ಸೈಕಲ್ಲಿಗೆ ಸಲೀಸು. ಒಂದು ವಾರದಲ್ಲಿ ಅರ್ಧ ಗುಡ್ಡ ತಿದ್ದಿದೆ. ಚಹಾ ಮಾತ್ರ ಎರಡು ಪಟ್ಟು ಖರ್ಚಾಯಿತು.

ನಮ್ಮ ಓಣಿಗೆ ಬೆಳಿಗ್ಗೆ ಪಾವ್ ತರುತ್ತಿದ್ದವನು ಸವಣೂರು ಕಡೆಯ ದಸ್ತಗೀರ. ಸೈಕಲ್ಲಿನ ಹಿಂದೆ ದೊಡ್ಡ ಬುಟ್ಟಿ, ಹ್ಯಾಂಡಲ್ಲಿಗೆ ರಬ್ಬರಿನ ಹಾರ್ನು; ಅದರ ಸದ್ದಿಗೇ ನಮ್ಮ ಬೆಳಗಾಗುತ್ತಿತ್ತು. ಅವನು ಬಿದ್ದು ಮೊಣಕಾಲು ಕೆಡಿಸಿಕೊಂಡಾಗ ಅವನ ಹೆಂಡತಿ ಹಸೀನಾಬಿ ಸೈಕಲ್ ಹತ್ತಿದಳು. ಅವಳಿಗೆ ಸೈಕಲ್ ಹೊಡೆಯಲು ಬರುತ್ತಿತ್ತು, ಓಣಿಗಳು ಗೊತ್ತಿರಲಿಲ್ಲ. ಅದಕ್ಕೇ ಫೋನನ್ನು ಹ್ಯಾಂಡಲ್ಲಿಗೆ ಕಟ್ಟಿಕೊಂಡಿದ್ದಳು.

ಒಂದು ದಿನ ಎಂಟು ಗಂಟೆಯಾದರೂ ಹಾರ್ನು ಕೇಳಲಿಲ್ಲ. ಕೊನೆಗೆ ಅವಳು ಸೈಕಲ್ ತಳ್ಳಿಕೊಂಡು ಬಂದಳು. ಮುಂದಿನ ಗಾಲಿ ಸೊಟ್ಟಗಾಗಿತ್ತು, ಮೊಣಕೈ ತರಚಿತ್ತು, ಬುಟ್ಟಿ ಖಾಲಿ. ಮಾವಿನ ಮರದ ಹಿಂದಿನ ಓಣಿ ಸಲೀಸು ಎಂದು ಫೋನು ತೋರಿಸಿತಂತೆ. ಇಳುಕಲಿನ ಕೊನೆಗೆ ಹೊಸ ಗಟಾರ, ಮೇಲೆ ಹಾಸುಗಲ್ಲಿಲ್ಲ. ಪಾವೆಲ್ಲ ಗಟಾರ ಸೇರಿತ್ತು. ಇನ್ನೊಮ್ಮೆ ಹೀಗಾದರೆ ಈ ಓಣಿಗಳನ್ನು ಬೇರೆಯವರಿಗೆ ಕೊಡುವುದಾಗಿ ಬೇಕರಿಯವರು ಹೇಳಿದ್ದಾರೆ ಎನ್ನುತ್ತ ಖಾಲಿ ಬುಟ್ಟಿ ಕೊಡವಿದಳು.

ಸುಮ್ಮನಿರಬಹುದಿತ್ತು. ನನ್ನ ಹೆಂಡತಿ ಅರಿಸಿನ ತಂದು ಅವಳ ಮೊಣಕೈಗೆ ಹಚ್ಚುತ್ತಿದ್ದಳು. ನನ್ನ ಕಡೆಗೆ ನೋಡಿರಲೂ ಇಲ್ಲ. ಆದರೂ ಬಾಯಿ ತಡೆಯಲಿಲ್ಲ.

“ಆ ದಾರಿಗೆ ಸಲೀಸು ಅಂತ ಗುರ್ತು ಹಾಕಿದಾಂವ ನಾನ ತಂಗಿ.”

ಅವಳು ನನ್ನನ್ನೂ ಗೋಡೆಗೊರಗಿದ್ದ ಸೈಕಲ್ಲನ್ನೂ ನೋಡಿದಳು. “ಆ ಓಣ್ಯಾಗ ನೀವು ಯಾವಾಗ ಸೈಕಲ್ ಹೊಡದಿದ್ರಿ, ಅಣ್ಣಾರ?”

“ಹೊಡದಿಲ್ಲ. ಹತ್ತು ವರ್ಷದ ಹಿಂದ ಒಮ್ಮೆ ನಡಕೊಂಡು ಹೋಗಿದ್ದೆ.”

“ಹಂಗಾರ ನಾಳೆ ಐದಕ್ಕ ನನ್ನ ಕೂಡ ಬರ್ರಿ,” ಎಂದಳು. ಗಾಲಿ ರಿಪೇರಿ ನಾನೇ ಮಾಡಿಸಿದೆ.

ಹೋದೆ. ಇಂಥ ಬೆಳಗು ನನ್ನ ಊರಿನಲ್ಲಿತ್ತು ಎಂದು ನನಗೆ ಗೊತ್ತಿರಲಿಲ್ಲ. ಕೆಳಗೆ ಕಡಲು ಇನ್ನೂ ಬೂದಿಬಣ್ಣ, ಅದರ ಮೇಲೆ ಲಂಗರು ಹಾಕಿದ ಹಡಗುಗಳ ದೀಪಗಳು ಒಂದೊಂದಾಗಿ ಮಂಕಾಗುತ್ತಿದ್ದವು. ಮುಂದೆ ಹೋಗುತ್ತಿದ್ದ ಅವಳ ಬುಟ್ಟಿಯಿಂದ ಬಿಸಿ ಪಾವಿನ ವಾಸನೆ ಹಿಂದಕ್ಕೆ ಹರಿದು ಬರುತ್ತಿತ್ತು. ಅದನ್ನು ಹಿಡಿದುಕೊಂಡೇ ನಾನು ನಿದ್ದೆಗಣ್ಣಿನಲ್ಲಿ ಪೆಡಲು ತುಳಿಯುತ್ತಿದ್ದೆ. ಬ್ರೇಕು ಬಿಟ್ಟು ಇಳಿಯುವಾಗ ನನಗೆ ವಯಸ್ಸೂ ಇರಲಿಲ್ಲ, ತೂಕವೂ ಇರಲಿಲ್ಲ. ಏರು ಬಂದಾಗ ಎರಡೂ ಮರಳಿದವು. ಹಸೀನಾಬಿ ಅಲ್ಲಲ್ಲಿ ನಿಂತು ಬರೆಸುತ್ತಿದ್ದಳು: ಇಲ್ಲಿ ಜಲ್ಲಿ, ಇಲ್ಲಿ ಕರಿನಾಯಿ. ನಾಯಿಗೆ ನಕ್ಷೆಯಲ್ಲಿ ಜಾಗವಿಲ್ಲ ಎಂದೆ. ಹಾಗಾದರೆ ಅದೆಂಥ ನಕ್ಷೆ ಎಂದಳು. ಒಂದು ಏರಿನ ಬುಡದಲ್ಲಿ ಮಾತ್ರ ಬಹಳ ಹೊತ್ತು ನಿಂತಳು.

“ಬುಟ್ಟಿ ತುಂಬಿದಾಗ ಇದು ಏರಂಗಿಲ್ರಿ. ಖಾಲಿ ಆದ ಮ್ಯಾಲ ಏರತೈತಿ. ಒಂದ ರಸ್ತೆ ಅಂತ ಬರದ್ರ ಹ್ಯಾಂಗ?”

ಇಷ್ಟು ದಿನ ಉದ್ದವನ್ನಷ್ಟೇ ನೋಡುತ್ತಿದ್ದ ನಾನು ಅಂದಿನಿಂದ ಏರು ಎಷ್ಟು, ಯಾವ ಕಡೆಯಿಂದ ಎಂದೂ ಬರೆಯತೊಡಗಿದೆ. ನಾವಿಬ್ಬರೂ ಹದಿನೈದು ದಿನ ತಿರುಗಿದೆವು. ಅವಳು ದಿನಾ ಪಾವ್ ಹಂಚುವ ಸುತ್ತಿಗೊಂದು ಹೊಸ ದಾರಿ ಸಿಕ್ಕಿತು: ಬುಟ್ಟಿ ತುಂಬಿದ್ದಾಗ ಇಳುಕಲು, ಖಾಲಿಯಾದಂತೆ ಏರು. ದೂರ ಹೆಚ್ಚಾಯಿತು, ಆದರೆ ಪಾವ್ ಬಿಸಿ ಇರುವಾಗಲೇ ಕೊನೆಯ ಮನೆಗೆ ಮುಟ್ಟುತ್ತಿತ್ತು. ಬೇಕರಿಯವರು ಸುಮ್ಮನಾದರು. ದಸ್ತಗೀರ ಕಾಲು ಚಾಚಿ ಕೂತು ಫೋನು ನೋಡಿ, ತಾನು ಹನ್ನೆರಡು ವರ್ಷ ಇದೇ ಸುತ್ತನ್ನು ಉಲ್ಟಾ ಹೊಡೆದಿದ್ದನ್ನು ಲೆಕ್ಕ ಹಾಕಿ, ಮೊಣಕಾಲು ನೀವಿಕೊಂಡನಂತೆ.

ಕೊನೆಯದಾಗಿ ನಮ್ಮ ಮನೆಯ ಮುಂದಿನ ಏರಿಗೆ ‘ಇಳಿದು ತಳ್ಳಬೇಕು’ ಎಂದು ಬರೆದೆ. ಮರುದಿನ ಹಸೀನಾಬಿ ಅದನ್ನು ಕಂಡು, ಇಲ್ಲಿ ತಳ್ಳುವವರು ಯಾರು, ನಾನು ಅರ್ಧ ಬುಟ್ಟಿ ಪಾವ್ ಇದ್ದಾಗಲೇ ಹತ್ತುತ್ತೇನಲ್ಲ ಎಂದು ಕೇಳಿದಳು. ತಳ್ಳುವವನು ನಾನೇ ಎಂದು ಒಪ್ಪಿಕೊಂಡೆ.

“ಹಂಗಾರ ನಿಮ್ಮ ಹೆಸರು ಬರೀರಿ, ಅಣ್ಣಾರ. ರಸ್ತೆ ಹೆಸರು ಯಾಕ ಕೆಡಸ್ತೀರಿ?”

ಅಳಿಸಿದೆ. ಈಗ ಅದು ಯಾರು ಬೇಕಾದರೂ ಹತ್ತಬಹುದಾದ ಏರು. ದಿನಾ ಬೆಳಿಗ್ಗೆ ಅದರಲ್ಲಿ ಸೈಕಲ್ ತಳ್ಳಿಕೊಂಡು ಬರುವಾಗ ಎದುರಿಗೆ ಯಾರಾದರೂ ಸಿಕ್ಕರೆ, ಬಗ್ಗಿ ಚೈನು ನೋಡುತ್ತೇನೆ.