ಮೂರನೇ ತಿರುವಿನ ಜ್ವರ

ಮೂವತ್ತು ವರ್ಷ ಶಾಲೆಯಲ್ಲಿ ಉಷ್ಣದ ಪಾಠ ಮಾಡಿದ ಮೇಷ್ಟ್ರ ಕಾರಿಗೇ ಜ್ವರ ಬರಬೇಕೇ? ಅದೂ ಸಣ್ಣಪುಟ್ಟ ಜ್ವರವಲ್ಲ. ಗುಡ್ಡದ ರಸ್ತೆಯ ಮೂರನೇ ತಿರುವು ಬಂದರೆ ಸಾಕು, ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ದಾಟುತ್ತಿತ್ತು, ಬಾನೆಟ್ಟಿನ ಸಂದಿಯಿಂದ ಹಬೆ ಬುಸುಗುಡುತ್ತಿತ್ತು.

ಕಾರೇನು ಸಾಮಾನ್ಯದ್ದೇ? ಮೇಷ್ಟ್ರಿಗಿಂತ ಎರಡು ವರ್ಷ ದೊಡ್ಡದು. ಕಡುಹಸಿರು ಮೈ, ಗುಂಡು ದೀಪಗಳು, ಆನೆಯ ಬೆನ್ನಿನಂಥ ಬಾನೆಟ್. ಮನೆಯವರ ಬಾಯಲ್ಲಿ ಅದು ರಾಣಿ. ಜೀವಮಾನವೆಲ್ಲ ಪರರ ಕಾರು ಓಡಿಸಿದ ಮಾವ ತಮ್ಮದೆಂದು ಕೊಂಡದ್ದು ಇದೊಂದನ್ನೇ. ಕೈ ನಡುಗಲು ಶುರುವಾದಾಗ ಕೀಲಿಯನ್ನು ಅಳಿಯನ ಕೈಗಿಟ್ಟಿದ್ದರು. ಜ್ವರದ ಸುದ್ದಿ ಕಿವಿಗೆ ಬಿದ್ದದ್ದೇ ಫೋನು ಬಂತು.

"ಅಳಿಯಂದಿರೇ, ಭಾನುವಾರ ಬರ್ತೀನಿ. ಗುಡ್ಡದ ತುದಿವರೆಗೆ ಎಲ್ಲೂ ನಿಲ್ಲಿಸದೆ ಹತ್ತಿಸಿ ತೋರಿಸಿ. ಆಗ್ಲಿಲ್ವಾ, ಕೀಲಿ ವಾಪಸ್ ಕೊಟ್ಬಿಡಿ. ಅದನ್ನ ಬೇಯಿಸಿ ಸಾಯಿಸೋದು ಬೇಡ."

ಕೀಲಿ ಹೋದರೆ ರಾಣಿಯೂ ಹೋದಂತೆ. ಆದರೆ ಮೇಷ್ಟ್ರು ಕೈಕಟ್ಟಿ ಕೂರುವ ಪೈಕಿಯಲ್ಲ. ಇನ್ನೂರು ಪುಟದ ನೋಟ್‌ಬುಕ್ ತಂದು, ಮೊದಲ ಪುಟದಲ್ಲಿ 'ರಾಣಿಯವರ ದೇಹಸ್ಥಿತಿ ತಪಾಸಣಾ ವರದಿ' ಎಂದು ಬರೆದು, ಅಡಿಗೆರೆ ಎಳೆದರು. (ಎರಡು ಗೆರೆ. ಒಂದು ಕೆಂಪು.)

"ರೀ, ನನ್ನ ಅಡುಗೆಮನೆ ಕಿಟಕಿ ಪರದೆ ಕಳೆದು ತಿಂಗಳಾಯ್ತು. ಅದಕ್ಕೂ ಒಂದು ವರದಿ ಬರೀಬಾರ್ದಾ?" ಎಂದಳು ಹೆಂಡತಿ.

"ಒಣಗಹಾಕಿದ್ಯಲ್ಲ, ಗಾಳಿಗೆ ಹಾರಿಹೋಗಿರುತ್ತೆ ಕಣೇ," ಎಂದರು ಮೇಷ್ಟ್ರು, ತಲೆ ಎತ್ತದೆ.

ತಪಾಸಣೆ ಸಾಂಗವಾಗಿ ನಡೆಯಿತು. ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ಮುಚ್ಚಳ ತೆಗೆದು ನೀರಿನ ಮಟ್ಟ ನೋಡಿದರು: ಸರಿಯಿದೆ. ರಬ್ಬರ್ ಪೈಪುಗಳನ್ನು ವೈದ್ಯರು ನಾಡಿ ಹಿಡಿದಂತೆ ಅಮುಕಿದರು: ಬಿರುಕಿಲ್ಲ. ಫ್ಯಾನ್ ಬೆಲ್ಟ್ ಬಿಗಿಯಾಗಿದೆ. ರೇಡಿಯೇಟರಿನೊಳಗೆ ನೀರು ಹಾಯಿಸಿದರೆ ಕನ್ನಡಿಯಂಥ ನೀರೇ ಹೊರಬಂತು. ಉಳಿದದ್ದು ಥರ್ಮೋಸ್ಟಾಟ್. ಎಂಜಿನ್ ಕಾದಾಗ ಬಾಯಿ ತೆರೆದು ನೀರನ್ನು ರೇಡಿಯೇಟರಿಗೆ ಬಿಡುವ, ನಿಂಬೆಹಣ್ಣಿನಷ್ಟು ದೊಡ್ಡ ಹಿತ್ತಾಳೆಯ ಜೀವಿ. ಅದನ್ನು ಬಿಚ್ಚಿ, ಹಾಲಿನ ಪಾತ್ರೆಗೆ ನೀರು ತುಂಬಿ ಮುಳುಗಿಸಿ, ಒಲೆಯ ಮೇಲಿಟ್ಟರು.

"ಅಯ್ಯೋ, ನನ್ನ ಹಾಲಿನ ಪಾತ್ರೇಲಿ ಕಾರಿನ ಕರುಳು! ಉಪ್ಪು ಹಾಕ್ಲಾ? ಬೆಂದಿದ್ಯಾ ನೋಡಿ."

"ಸುಮ್ನಿರೇ. ಎಂಬತ್ತೆರಡು ಡಿಗ್ರಿಗೆ ಬಾಯಿ ಬಿಡಬೇಕು."

ಬಿಟ್ಟಿತು. ಅರುವತ್ತು ವರ್ಷದ ಹಿತ್ತಾಳೆ, ಶಾಲೆಯಿಂದ ತಂದ ಉಷ್ಣಮಾಪಕ ಎಂಬತ್ತೆರಡು ತೋರಿಸುತ್ತಲೇ, ನಿದ್ದೆಯಿಂದೆದ್ದ ಮಗುವಿನಂತೆ ಮೆಲ್ಲಗೆ ಬಾಯಿ ತೆರೆಯಿತು. ಗಂಡ ಹೆಂಡತಿ ಇಬ್ಬರೂ ಜಗಳ ಮರೆತು ಪಾತ್ರೆಯೊಳಗೆ ಬಗ್ಗಿದರು.

"ಎಷ್ಟು ನಿಯತ್ತು ನೋಡಿ! ನಿಮ್ಮನ್ನ ಎಬ್ಬಿಸೋಕೆ ಮೂರು ಸಲ ಕೂಗ್ಬೇಕು," ಎಂದಳು ಆಕೆ.

ಭಾನುವಾರ ಮಾವ ಬಂದರು. ನೋಟ್‌ಬುಕ್ಕನ್ನು ಗಂಭೀರವಾಗಿ ತಿರುವಿ, "ಅಕ್ಷರ ಮುತ್ತಿನ ಹಾಗಿದೆ," ಎಂದು ಮುಂದಿನ ಸೀಟಿನಲ್ಲಿ ಕೂತರು. ಹೆಂಡತಿ ಹಿಂದೆ. ಮೊದಲ ತಿರುವು, ಎರಡನೇ ತಿರುವು. ಓಡಿಸುತ್ತಿದ್ದ ಮೇಷ್ಟ್ರ ಕಣ್ಣು ಮುಳ್ಳಿನ ಮೇಲೇ. ಮೂರನೆಯದರಲ್ಲಿ ಮುಳ್ಳು ಮೇಲೆದ್ದಿತು.

"ನಿಲ್ಸಿ. ಎಂಜಿನ್ ಮಾತ್ರ ಆರಿಸ್ಬೇಡಿ," ಎಂದರು ಮಾವ.

ಇಳಿದು ದಿನಪತ್ರಿಕೆಯ ಒಂದು ಹಾಳೆ ಹರಿದು, ರಾಣಿಯ ಮೂತಿಯ ಮುಂದಿನ ಜಾಲರಿಗೆ ತಾಗಿಸಿ, ಕೈಬಿಟ್ಟರು. ಹಾಳೆ ಪಟಕ್ಕನೆ ಕೆಳಗೆ ಬಿತ್ತು.

"ಒಳಗಿನ ಫ್ಯಾನು ಗಾಳಿ ಎಳ್ಕೊಂಡ್ರೆ ಹಾಳೆ ಇಲ್ಲೇ ಅಂಟಿ ನಿಲ್ಬೇಕು. ಇವಳಿಗೆ ಜ್ವರ ಅಲ್ಲ, ಉಸಿರುಗಟ್ಟಿದೆ. ಈಗ ಆರಿಸಿ. ಪುಟ್ಟೀ, ಒಳಗೇನಿದೆ ನೋಡಮ್ಮ."

ಎರಡು ವಾಕ್ಯ, ಒಂದು ಹಾಳೆ! ಮೇಷ್ಟ್ರ ಇನ್ನೂರು ಪುಟ ಅಲ್ಲೇ ಮೊಣಕಾಲೂರಿತು. ಅವರು ಎಂಜಿನ್ ಆರಿಸಿ ಇಳಿಯುವಷ್ಟರಲ್ಲಿ ಹೆಂಡತಿ ಮುಂದೆ ಬಂದು, ಜಾಲರಿಯ ಹಿಂದೆ ಬೆರಳು ತೂರಿಸಿ ಏನನ್ನೋ ಜಗ್ಗುತ್ತಿದ್ದಳು.

ಬಂತು. ಮೂರು ಮಡಿಕೆ ಮಾಡಿ ಅಂಚು ಹೊಲಿದ, ಧೂಳು ಮೆತ್ತಿದ, ಹಳದಿ ಹೂಗಳ ಅಡುಗೆಮನೆ ಪರದೆ.

"ರಾಣಿಯ ಮುಖಕ್ಕೆ ಹುಳ ಹೊಡೀತಿತ್ತು," ಎಂದರು ಮೇಷ್ಟ್ರು ಕ್ಷೀಣಸ್ವರದಲ್ಲಿ. "ನೋಡೋಕಾಗ್ಲಿಲ್ಲ. ಅದಕ್ಕೇ..." (ವರದಿಯಲ್ಲಿ ಬರೆದಿರಲಿಲ್ಲ. ಅದು ದೋಷಗಳ ಪುಸ್ತಕ. ಪ್ರೀತಿಯಿಂದ ಮಾಡಿದ್ದನ್ನು ಅದರಲ್ಲಿ ಯಾರು ಬರೆಯುತ್ತಾರೆ?)

"ಗಾಳಿಗೆ ಹಾರಿಹೋಯ್ತು ಅಂದ್ರಿ!"

ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು, ಕಣ್ಣೊರೆಸಿಕೊಂಡರು, ಕಾರಿನೊಳಗೆ ಕೈಹಾಕಿ ಕೀಲಿ ತೆಗೆದುಕೊಂಡರು. "ಅಳಿಯಂದಿರೇ, ನನ್ನ ಕಾರನ್ನ ನನಗಿಂತ ಜಾಸ್ತಿ ಪ್ರೀತಿಸ್ತೀರಿ. ಅದಕ್ಕೇ ಕೀಲಿ ಮನೆಯಿಂದ ಹೊರಗೆ ಹೋಗಲ್ಲ." ಮೇಷ್ಟ್ರ ಮುಖ ಅರಳಿತು, ಕೈ ತಾನಾಗಿ ಮುಂದೆ ಚಾಚಿತು. ಕೀಲಿ ಅದನ್ನು ದಾಟಿ ಮಗಳ ಅಂಗೈಗೆ ಬಿತ್ತು. "ನಡಿ ಪುಟ್ಟೀ. ಹದಿನೆಂಟಕ್ಕೇ ನಿನಗೆ ಕಲಿಸಿದ್ದೆನಲ್ಲ."

ಎಂಜಿನ್ ತಣ್ಣಗಾಗುವವರೆಗೆ ಕಾದು, ನೀರು ತುಂಬಿಸಿ ಹೊರಟರು. ಹಿಂದಿನ ಸೀಟಿನಲ್ಲಿ, ಮಡಿಲಲ್ಲಿ ಪರದೆ ಇಟ್ಟುಕೊಂಡು ಮೇಷ್ಟ್ರು ನೋಡಿದರು. ಅವಳು ಗೇರು ಬದಲಾಯಿಸಿದ್ದು ಬೆಣ್ಣೆಯಿಂದ ಕೂದಲು ತೆಗೆದಂತೆ. ಮುಳ್ಳು ನಡುವಿನಿಂದ ಅಲುಗಲೇ ಇಲ್ಲ. ನಾಲ್ಕನೇ ತಿರುವು, ಐದನೇ ತಿರುವು, ಕೊನೆಗೆ ಗುಡ್ಡದ ತುದಿ. ಹೊಟ್ಟೆಕಿಚ್ಚು ಪಡಬೇಕೆಂದುಕೊಂಡರು, ಚಪ್ಪಾಳೆ ತಟ್ಟಿಬಿಟ್ಟರು.

ಹೆಂಡತಿ ಕನ್ನಡಿಯಲ್ಲಿ ಅವರನ್ನೇ ನೋಡುತ್ತಿದ್ದಳು.

"ಒಂದು ಮಾತು ಹೇಳ್ಲಾ? ಹೊಲಿಗೆ ಅದ್ಭುತವಾಗಿದೆ ರೀ, ಒಂದೂ ಎಳೆ ಬಿಟ್ಟಿಲ್ಲ. ಮನೇಲಿ ಇನ್ನೂ ಏಳು ಕಿಟಕಿ ಇವೆ."