ಜವಾನನಿಗೆ ಅಂಟಿದ ಸಿನಿಮಾ ಕೆಮ್ಮು

ನಮ್ಮ ಹಳೆಯ ವಿದ್ಯಾರ್ಥಿಗಳು ಎಲ್ಲಿ ಕಲೆತರೂ ಒಬ್ಬರಾದರೂ ಶಾಲೆಯ ಜವಾನನನ್ನು ನೆನೆದು, ಪಾಪ, ಬೆನ್ನು ಬಗ್ಗಿತ್ತು, ಸದಾ ಕೆಮ್ಮುತ್ತಿದ್ದ ಎನ್ನುತ್ತಾರೆ. ಅರವತ್ತರ ದಶಕದಲ್ಲಿ ಹೊಸನಗರದ ಆ ಶಾಲೆಗೆ ನಾನು ಕನ್ನಡ ಮೇಷ್ಟ್ರು. ನಮ್ಮ ಜವಾನ ಕಂಬದ ಹಾಗೆ ನೆಟ್ಟಗಿದ್ದ, ಬೆಂಚನ್ನು ಒಬ್ಬನೇ ಹೊರುತ್ತಿದ್ದ. ಆ ಕೆಮ್ಮು ಎಲ್ಲಿಂದ ಬಂತೆಂದು ನನಗೆ ಚೆನ್ನಾಗಿ ಗೊತ್ತು.

ಕಷಾಯ

ಸಾಗರದ ಟೆಂಟಿಗೆ ಬಂದ ಸಿನಿಮಾ ಒಂದರಲ್ಲಿ ಶಾಲೆಯ ಜವಾನನೂ ಇದ್ದಾನೆಂದು ಸುದ್ದಿಯಾಯಿತು. ನಮ್ಮಂಥವರನ್ನು ಹೇಗೆ ತೋರಿಸಿದ್ದಾರೋ ನೋಡಬೇಕೆಂದು ನಮ್ಮವನು ಹೆಂಡತಿಯನ್ನು ಕರೆದುಕೊಂಡು ಹೋದ. ಸಿನಿಮಾದ ಜವಾನ ಬಗ್ಗಿದ ಬೆನ್ನಲ್ಲೇ ಗಂಟೆ ಹೊಡೆದ, ಕೆಮ್ಮಿದ, ಇಂಟರ್‌ವಲ್ಲಿಗೆ ಮುಂಚೆಯೇ ಸತ್ತ. ಮಾರನೆಯ ದಿನದಿಂದ ಹೆಂಡತಿ ಇವನಿಗೆ ಕಾಳುಮೆಣಸಿನ ಕಷಾಯ ಕುಡಿಸತೊಡಗಿದಳು. ನನಗೆ ಕೆಮ್ಮೇ ಇಲ್ಲವಲ್ಲೇ ಎಂದು ಇವನು ರೇಗಿದ.

"ಶುರುವಲ್ಲಿ ಅವ್ನಿಗೂ ಇರ್ಲಿಲ್ಲ, ಕುಡೀರಿ" ಎಂದಳು.

ವಾಸಿ

ಆಮೇಲೆ ಆ ಸಿನಿಮಾ ನಮ್ಮೂರ ಟೆಂಟಿಗೂ ಬಂತು. ನೋಡಿದ ಮಕ್ಕಳು ಇವನ ಕೈಯಿಂದ ನೀರಿನ ಕೊಡ ಕಸಿದು ತಾವೇ ಹೊರತೊಡಗಿದರು. ಮೊದಮೊದಲು ಇವನಿಗೆ ಅವಮಾನವಾಯಿತು, ಆಮೇಲೆ ರುಚಿ ಹತ್ತಿತು. ಭಾರದ ಕೆಲಸ ಬಂದಾಗಲೆಲ್ಲ ಒಂದು ಕೆಮ್ಮು. ಕೊನೆಗೆ ಹೆಡ್‌ಮೇಷ್ಟ್ರೂ ಸಿನಿಮಾ ನೋಡಿದರು. ಇವನನ್ನು ಕರೆದು, ಕಥೆ ಪೂರ್ತಿ ನೋಡಿದೆನಪ್ಪ, ನಿನ್ನ ಜಾಗಕ್ಕೆ ಈಗಲೇ ಯಾರನ್ನಾದರೂ ಹುಡುಕಲೇ ಎಂದು ಕೇಳಿದರು. ಕೆಮ್ಮು ನಿಂತಲ್ಲೇ ವಾಸಿಯಾಯಿತು.

ಪರದೆ

ಆ ವರ್ಷದ ಸ್ಕೂಲ್ ಡೇ ನಾಟಕ ಬರೆದವನು ನಾನು. ನನಗೂ ಸಿನಿಮಾದ ಗಾಳಿ ಸೋಕಿ, ಕೊನೆಯಲ್ಲಿ ಜವಾನನನ್ನು ಸಾಯಿಸಿದ್ದೆ. ಆ ಪಾತ್ರಕ್ಕೆ ಡ್ರಿಲ್ ಮೇಷ್ಟ್ರು. ಅವನನ್ನು ಬದುಕಿಸಿ ಎಂದು ನಮ್ಮ ಜವಾನ ಅಂಗಲಾಚಿದ. ಮಗಳಿಗೆ ಗಂಡು ನೋಡಿಯಾಗಿತ್ತು; ಬೀಗರಾಗುವವರು ತೀರ್ಥಹಳ್ಳಿಯಿಂದ ನಾಟಕಕ್ಕೆ ಬರುವವರಿದ್ದರು. ಜವಾನರೆಲ್ಲ ಹೀಗೆ ಕೆಮ್ಮಿ ಸಾಯುವವರೆಂದು ತಿಳಿದರೆ ಸಂಬಂಧ ಮುರಿಯುತ್ತದೆಂದು ಅವನ ಭಯ. ಜನ ಅಳಬೇಡವೇ ಎಂದು ನಾನು ಒಪ್ಪಲಿಲ್ಲ. ಪರದೆಯ ಹಗ್ಗ ಪ್ರತಿ ವರ್ಷ ಅವನ ಕೈಯಲ್ಲೇ ಇರುತ್ತದೆಂಬುದು ನನಗೆ ಹೊಳೆಯಲಿಲ್ಲ.

ಡ್ರಿಲ್ ಮೇಷ್ಟ್ರು ಬಹಳ ಚೆನ್ನಾಗಿ ಸತ್ತರು. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಪರದೆ ಮಾತ್ರ ಮುಚ್ಚಲಿಲ್ಲ. ಕೈಸನ್ನೆ ಮಾಡಿ ಮಾಡಿ ನನಗೆ ಸಿಟ್ಟು ನೆತ್ತಿಗೇರಿತು. ಅಷ್ಟರಲ್ಲಿ ಹೆಣ ಮೆಲ್ಲಗೆ ಗೊಣಗಿತು.

"ಎಳಿಯೋ ಮಾರಾಯ, ಬೆನ್ನಿಗೆ ಮೊಳೆ ಚುಚ್ತಾ ಇದೆ."

"ಎದ್ದೇಳಿ ಮೇಷ್ಟ್ರೇ, ಎಳೀತೀನಿ."

ಮೇಷ್ಟ್ರು ಎದ್ದರು. ಎದ್ದು ಏನು ಮಾಡಬೇಕೆಂದು ತೋಚದೆ ಗಂಟೆ ಹೊಡೆದರು. ಆಗ ಪರದೆ ಮುಚ್ಚಿತು. ಚಪ್ಪಾಳೆಯೋ ಚಪ್ಪಾಳೆ.

ಬೀಗರಾಗುವವರು ಒಳಗೇ ಬಂದು ಜವಾನನ ಕೈ ಹಿಡಿದುಕೊಂಡರು.

"ಹೆಣ್ಣು ಕೊಡಿ. ಸತ್ರೂ ಎದ್ದು ಕೆಲ್ಸಕ್ಕೆ ನಿಲ್ಲೋ ಜನ ನಮ್ಗೆ ಇನ್ನೆಲ್ಲಿ ಸಿಗ್ತಾರೆ?"