ಔಟಾದವರಿಗೆ ಬೆಲ್ಲ

ಔಟಾದವನ ಕೈಗೆ ಬೆಲ್ಲ ಕೊಟ್ಟು ಕಳಿಸುವ ಅಂಪೈರನ್ನು ನೀವೆಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವರು ನನ್ನ ಸೋದರಮಾವ!

ಹೊಳೆನರಸೀಪುರದಲ್ಲಿ ಕನ್ನಡ ಮೇಷ್ಟರಾಗಿ ನಿವೃತ್ತರಾದವರು. ತೊಂಬತ್ತರ ದಶಕದಲ್ಲಿ ಹಾಸನದ ನಮಗೆ ಬೇಸ್‌ಬಾಲ್ ಹುಚ್ಚು ಹತ್ತಿಸಿದ್ದು ಎಂಜಿನಿಯರಿಂಗ್ ಓದಲು ಬಂದು ಹಾಸ್ಟೆಲಿನಲ್ಲಿದ್ದ ಮಣಿಪುರದ ಹುಡುಗರು. ಪ್ರತಿ ಭಾನುವಾರ ಅವರಿಗೂ ನಮಗೂ ಆಟ, ಆಟಕ್ಕಿಂತ ಹೆಚ್ಚು ಜಗಳ. ತೀರ್ಪು ಹೇಳಲು ಯಾರಾದರೂ ಬೇಕೆಂದು ನಾನು ಬಾಯಿ ತಪ್ಪಿ ಮಾವನೆದುರು ಅಂದುಬಿಟ್ಟೆ. ಅವರು ನಿಘಂಟು ಪಕ್ಕದಲ್ಲಿಟ್ಟುಕೊಂಡು ನಿಯಮಗಳ ಪುಸ್ತಕ ಓದಿ, ಮುಂದಿನ ಭಾನುವಾರ ಮೊದಲ ಬಸ್ಸಿಗೇ ಬಂದಿಳಿದರು. ಪಂಚೆ, ಜುಬ್ಬ, ಬಿಳಿ ಟೋಪಿ, ಜೇಬಿನಲ್ಲಿ ಬೆಲ್ಲದ ಡಬ್ಬಿ. ಬಿಸಿಲಿನಲ್ಲಿ ಬಂದವರಿಗೆ ಬೆಲ್ಲ, ನೀರು ಕೊಡುವ ಮನೆತನ. ಬಿಸಿಲಿನಲ್ಲಿ ಓಡಿ ಔಟಾದವನನ್ನು ಸುಮ್ಮನೆ ಕಳಿಸುವುದುಂಟೇ?

ಮಾವನಿಗೆ ಕನ್ನಡ ಬಿಟ್ಟು ಬೇರೆ ಭಾಷೆಯಲ್ಲಿ ಮಾತಾಡಲು ಬಾರದು. ಆ ಹುಡುಗರಿಗೆ ಕನ್ನಡದಲ್ಲಿ 'ಊಟ' ಬಿಟ್ಟು ಬೇರೇನೂ ಬಾರದು.

"ನೋಡಪ್ಪಾ, ಚೆಂಡು ನಿನ್ನ ಮೊಣಕಾಲಿಗಿಂತ ಮೇಲೆ, ಎದೆಗಿಂತ ಕೆಳಗೆ ಹದವಾಗಿ ಬಂತು. ಹೊಡೀಬೇಕಿತ್ತು. ಬೇಜಾರು ಮಾಡ್ಕೋಬೇಡ."

ಹುಡುಗ ತಲೆ ತಗ್ಗಿಸಿ ಪೂರ್ತಿ ಕೇಳಿಸಿಕೊಂಡು, ಅರ್ಥ ಕೇಳಲು ನನ್ನ ಕಡೆ ತಿರುಗುತ್ತಿದ್ದ.

"ಸ್ಟ್ರೈಕ್" ಎನ್ನುತ್ತಿದ್ದೆ.

ಅಷ್ಟೇನಾ? ನಾನೇನೋ ಮುಚ್ಚಿಡುತ್ತಿದ್ದೇನೆಂದು ಆ ಹುಡುಗರಿಗೆ ಕೊನೆಯವರೆಗೂ ಗುಮಾನಿ!

ಬೆಲ್ಲವನ್ನಂತೂ ಅವರು ನಮ್ಮ ಸೀಮೆಯ ನಿಯಮವೆಂದೇ ತಿಳಿದಿದ್ದರು. ಒಮ್ಮೆ ಮಾವನಿಗೆ ಜ್ವರ ಬಂದು ಚನ್ನರಾಯಪಟ್ಟಣದ ಡ್ರಿಲ್ ಮೇಷ್ಟರೊಬ್ಬರು ಅಂಪೈರಾಗಿ ನಿಂತರು. ಔಟ್ ಎಂದರು. ಹುಡುಗ ಕೈಚಾಚಿ ನಿಂತೇ ಇದ್ದ. ಮೇಷ್ಟರು ಗದರಿದರು. ಅವನು ಕದಲಲಿಲ್ಲ. ಬ್ಯಾಟು ಹಿಡಿದವನ ಹಿಂದೆ ಕೂತು ಚೆಂಡು ಹಿಡಿಯುವ ನಮ್ಮ ಕಡೆಯ ಕ್ಯಾಚರ್, ಕಟ್ಟಾಯದ ಹಳ್ಳಿ ಹುಡುಗ, ಮೆಲ್ಲಗೆ ಹೇಳಿದ: "ಬೆಲ್ಲ ಕೊಡೋಗಂಟ ಅವ್ನು ಓಗಕಿಲ್ಲ ಸಾ."

ಕೊನೆಗೆ ಎದುರಿನ ಅಂಗಡಿಯಿಂದ ಬೆಲ್ಲ ತರಿಸಿದ ಮೇಲೆಯೇ ಆಟ ಮುಂದುವರಿದದ್ದು.

ಎರಡು ವರ್ಷ ಹೀಗೇ ನಡೆಯಿತು. ಅಷ್ಟರಲ್ಲಿ ಮಾವನ ಕಣ್ಣು ಮಂಜಾಗುತ್ತಿತ್ತು. ನಮಗೆಲ್ಲ ಗೊತ್ತಿತ್ತು. ಆದರೆ ಭಾನುವಾರದ ಆಟಕ್ಕೆ ಸೋಮವಾರವೇ ಟೋಪಿ ಒಗೆದಿಡುವ ಮನುಷ್ಯನಿಗೆ 'ಇನ್ನು ಸಾಕು ಬಿಡಿ' ಎಂದು ಹೇಳುವವರು ಯಾರು?

ಒಂದು ದಿನ ಹಾಸ್ಟೆಲಿನವರ ನಾಯಕ ಓಡಿಬಂದು ಕೊನೆಯ ಬೇಸ್ ಮುಟ್ಟಿದ. ಚೆಂಡು ಆಮೇಲೆ ಬಂತು, ಅಂದರೆ ಔಟಲ್ಲ. ಮಾವ ಔಟ್ ಎಂದು ಬೆಲ್ಲ ಕೊಟ್ಟೇಬಿಟ್ಟರು. ಅವನು ತಲೆಬಾಗಿ ತೆಗೆದುಕೊಂಡು ಮುಷ್ಟಿಯಲ್ಲಿ ಹಿಡಿದ. ತಡೆಯಲಾಗದವನು ನಮ್ಮ ಕ್ಯಾಚರ್.

"ಸಾ, ಅವ್ನು ಆಗ್ಲೇ ಮುಟ್ಬುಟ್ಟಿದ್ದ ಸಾ."

ಮಾವ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿಕೊಂಡರು.

"ಔಟಲ್ಲ, ತಪ್ಪು ನನ್ನದು. ಕಣ್ಣು ಕೈಕೊಟ್ಟಿದೆ ಕಣಪ್ಪಾ. ಇನ್ನು ನಾನು ನಿಲ್ಲೋದು ನ್ಯಾಯ ಅಲ್ಲ."

ಟೋಪಿ ತೆಗೆದು, ಮೈದಾನದಾಚೆ ನಡೆಯತೊಡಗಿದರು. ನಾಯಕ ಎಂದಿನಂತೆ ನನ್ನ ಕಡೆ ತಿರುಗಿದ. ನಾನು ಮಾವನ ಕಡೆ ಕೈ ತೋರಿಸಿ "ಔಟ್" ಎಂದೆ.

ಅವನು ಓಡಿಹೋಗಿ ಮಾವನ ಮುಂದೆ ನಿಂತ. ಮುಷ್ಟಿ ಬಿಚ್ಚಿ, ಬೆವರಿಗೆ ಅರ್ಧ ಕರಗಿದ್ದ ಅದೇ ಬೆಲ್ಲವನ್ನು ಎರಡೂ ಕೈಯಲ್ಲಿ ಅವರ ಅಂಗೈಗಿಟ್ಟ. ಮಾವ ಅವನ ಮುಖ ನೋಡಿದರು, ಬೆಲ್ಲ ಬಾಯಿಗೆ ಹಾಕಿಕೊಂಡರು. ಅದರ ಅರ್ಥವೇನೆಂದು ಇಬ್ಬರೂ ನನ್ನನ್ನು ಕೇಳಲಿಲ್ಲ.

ಮಾವನನ್ನು ಅಷ್ಟು ಮರ್ಯಾದೆಯಿಂದ ಕಳಿಸಿಕೊಟ್ಟ ಆ ಹುಡುಗ ಈಗ ಎಲ್ಲಿದ್ದಾನೋ. ಎಲ್ಲಿದ್ದರೂ ತಣ್ಣಗಿರಲಿ.